ಕಾಲು ನಮ್ಮದು, ಅಚ್ಚು ಯಾರದು?

ಮೊರಪ್ಪೂರಿನ ರೈಲು ನಿಲ್ದಾಣದಲ್ಲಿ ಒಂದು ಕಾಲಕ್ಕೆ ಎರಡು ಅಳತೆಯ ಹಳಿಗಳು ಸೇರುತ್ತಿದ್ದವು. ಮದ್ರಾಸಿನಿಂದ ಸೇಲಂ ಕಡೆ ಹೋಗುವ ದೊಡ್ಡ ಹಳಿಯ ಅಗಲ 1676 ಮಿಲಿಮೀಟರ್. ಇಲ್ಲಿಂದ 1906ರಲ್ಲಿ ಧರ್ಮಪುರಿಗೆ ಹಾಕಿದ, ಮುಂದೆ 1913ರಲ್ಲಿ ಹೊಸೂರು ಮುಟ್ಟಿದ ಚಿಕ್ಕ ಹಳಿಯದು 762 ಮಿಲಿಮೀಟರ್. ಒಂದರ ಬಂಡಿ ಇನ್ನೊಂದರ ಮೇಲೆ ಓಡುವಂತಿರಲಿಲ್ಲ. ಧರ್ಮಪುರಿ ಕಡೆಯಿಂದ ಬಂದ ಸರಕನ್ನು ಇಲ್ಲಿ ಇಳಿಸಿ, ಹೊತ್ತು, ದೊಡ್ಡ ಬಂಡಿಗೆ ತುಂಬಬೇಕಿತ್ತು. 1941ರಲ್ಲಿ ಚಿಕ್ಕ ಹಳಿ ಮುಚ್ಚಿಹೋಯಿತು. ಬೆಳಗಿನ ಜಾವ ಓಡಲು ಹೊರಟು ನಿಲ್ದಾಣ ದಾಟುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ನೆನಪಿಸುವುದು ನನ್ನ ಬಲಗಾಲಿನ ಹೆಬ್ಬೆರಳು.

ನಮ್ಮದು ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಶಾಲೆಗೆ ಬರಿಗಾಲಲ್ಲಿ, ಆಮೇಲೆ ಹವಾಯಿ ಚಪ್ಪಲಿಯಲ್ಲಿ ನಡೆದ ಕಾಲು ನನ್ನದು. ಬೆರಳುಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿವೆ. ನಲವತ್ತು ದಾಟಿದ ಮೇಲೆ ವೈದ್ಯರು ಓಡಲು ಹೇಳಿದರು. ಅಂಗಡಿಯಲ್ಲಿ 8ನೇ ನಂಬರಿನ ಶೂ ಹಾಕಿದರೆ ಕಿರುಬೆರಳು ಹಿಂಡಿಹೋಯಿತು. 'ಒಂದು ನಂಬರ್ ದೊಡ್ಡದು ತಗೊಳ್ಳಿ' ಎಂದರು, 9 ತಂದೆ. ಈಗ ಹಿಮ್ಮಡಿ ಜಾರತೊಡಗಿತು. ಜಾರದಿರಲಿ ಎಂದು ಲಾಡಿ ಬಿಗಿದೆ, ಪಾದದ ಮೇಲ್ಭಾಗ ನೋಯಿತು. ಎರಡು ತಿಂಗಳಿಗೆ ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಯಿತು. ಶೂನೊಳಗೆ ಕಾಲು ಮುಂದೆ ಜಾರಿ ಜಾರಿ ತುದಿಗೆ ಬಡಿಯುತ್ತಿತ್ತು. ಉದ್ದ ಹೆಚ್ಚಿಸಿಕೊಂಡು ಅಗಲದ ಕೊರತೆ ತುಂಬಲು ಹೋದವರಿಗೆಲ್ಲ ಆಗುವುದು ಇದೇ.

ಈ 8, 9 ಎಂಬ ಅಂಕಿಗಳ ಮೂಲ ಬಾರ್ಲಿ ಕಾಳಿನಲ್ಲಿದೆ. ಇಂಗ್ಲೆಂಡಿನಲ್ಲಿ ಮೂರು ಕಾಳು ಉದ್ದಕ್ಕೆ ಜೋಡಿಸಿದರೆ ಒಂದು ಅಂಗುಲ. ಅಲ್ಲಿನ ಶೂ ಒಂದು ನಂಬರ್ ಏರಿದರೆ ಒಂದು ಕಾಳಿನಷ್ಟು, ಅಂದರೆ ಸುಮಾರು 8.5 ಮಿಲಿಮೀಟರ್ ಉದ್ದವಾಗುತ್ತದೆ. ನಮ್ಮ ಶಿಲ್ಪಿಗಳೂ ಕಾಳಿನಿಂದಲೇ ಅಳೆದವರು, ಎಂಟು ಯವಕ್ಕೆ ಒಂದು ಅಂಗುಲ ಎಂದು. ಆದರೆ ಅದು ಮೂರ್ತಿಯ ಕಾಲಿಗೆ ಬಂತೇ ಹೊರತು ಮನುಷ್ಯರ ಮೆಟ್ಟಿಗೆ ಬರಲಿಲ್ಲ. ಯುರೋಪಿನ 42, 43ರ ಲೆಕ್ಕದಲ್ಲಿ ಒಂದೊಂದು ಹೆಜ್ಜೆ 6.67 ಮಿಲಿಮೀಟರ್. ಎಲ್ಲವೂ ಉದ್ದವನ್ನೇ ಹೇಳುತ್ತವೆ. ಪಾದ ಎಷ್ಟು ಅಗಲ, ಮೇಲ್ಭಾಗ ಎಷ್ಟು ಎತ್ತರ ಎಂಬುದನ್ನು ಶೂ ಕಟ್ಟುವ ಅಚ್ಚು ತೀರ್ಮಾನಿಸುತ್ತದೆ. ಮರದ್ದೋ ಪ್ಲಾಸ್ಟಿಕ್ಕಿನದೋ ಆದ ಆ ಕಾಲಿನ ಗೊಂಬೆ ಯಾರ ಕಾಲನ್ನು ನೋಡಿ ಮಾಡಿದ್ದು ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ.

ಕಲ್ಯಾಣದ ಹರಳಯ್ಯ ದಂಪತಿ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆಯನ್ನು ಕನ್ನಡದ ಮಕ್ಕಳೆಲ್ಲ ಕೇಳಿಯೇ ಬೆಳೆಯುತ್ತಾರೆ. ತಮ್ಮ ತೊಡೆಯ ಚರ್ಮವನ್ನೇ ಕೊಟ್ಟ ಅವರ ಭಕ್ತಿಗೆ ತಲೆಬಾಗುತ್ತೇವೆ. ಅವರು ಒಬ್ಬನ ಕಾಲಿಗೆಂದೇ, ಆ ಕಾಲನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊಲಿದರು ಎಂಬುದು ನನ್ನನ್ನು ಹೆಚ್ಚು ತಟ್ಟುತ್ತದೆ. ಊರಿನ ಮೋಚಿ ಕಾಗದದ ಮೇಲೆ ನಿಲ್ಲಿಸಿ ಗೆರೆ ಎಳೆದುಕೊಳ್ಳುತ್ತಿದ್ದುದೂ ಅದೇ ಕಸುಬು.

ಮೊರಪ್ಪೂರಿನಲ್ಲಿ ಚೆನ್ನೈ ಕಡೆಯ ರೈಲು ಹತ್ತಿದರೆ ಸಾಮಲ್ಪಟ್ಟಿ, ತಿರುಪತ್ತೂರು, ಜೋಲಾರಪೇಟೆ ದಾಟಿ ವಾಣಿಯಂಬಾಡಿ, ಆಂಬೂರು ಬರುತ್ತವೆ. ಚರ್ಮ ಹದ ಮಾಡಿ ಶೂ ಹೊಲಿಯುವ ಊರುಗಳು. ಈ ಕಡೆ ಕೃಷ್ಣಗಿರಿಯ ಬರಗೂರು, ಆ ಕಡೆ ಚೆಯ್ಯಾರು, ಎರಡೂ ಕಡೆ ತೈವಾನಿನ ಫೆಂಗ್ ತೇ ಗುಂಪಿನ ಕಾರ್ಖಾನೆಗಳು ನೈಕಿ ಶೂ ತಯಾರಿಸುತ್ತವೆ. ನಮ್ಮ ಸುತ್ತಲಿನ ಹೆಣ್ಣುಮಕ್ಕಳ ಕೈ ದಿನವಿಡೀ ಹೊರದೇಶದವರ ಕಾಲಿಗೆ ಶೂ ಜೋಡಿಸುತ್ತದೆ. ಅದೇ ಹಳಿಯ ಕೊನೆಯಲ್ಲಿ, ಚೆನ್ನೈನ ಅಡಯಾರಿನಲ್ಲಿ, ನಮ್ಮ ಕಾಲನ್ನು ಅಳೆಯುವ ಕೆಲಸ ಹೊತ್ತುಕೊಂಡ ಸಂಸ್ಥೆಯಿದೆ. ಅದು 1948ರಲ್ಲಿ ಶುರುವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ. ಹದಗಾರಿಕೆಯನ್ನು ವಿಜ್ಞಾನವಾಗಿ ಬೆಳೆಸಿದ ವೈ. ನಾಯುಡಮ್ಮ ನಿರ್ದೇಶಕರಾಗಿದ್ದುದು ಇಲ್ಲೇ.

2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ಈ ಸಂಸ್ಥೆ ದೇಶದ 79 ಕಡೆಗಳಲ್ಲಿ 1,01,880 ಜನರ ಪಾದಗಳನ್ನು ಮೂರು ಆಯಾಮದ ಸ್ಕ್ಯಾನರ್ ಇಟ್ಟು ಅಳೆಯಿತು. ಬೇರೆ ಬೇರೆ ಸೀಮೆಗಳ ಜನಕ್ಕೆ ಐದಾದರೂ ಪ್ರತ್ಯೇಕ ಅಳತೆಪಟ್ಟಿ ಬೇಕಾಗಬಹುದು ಎಂಬ ಊಹೆಯಿತ್ತು. ಅಳೆದು ನೋಡಿದಾಗ ಒಂದೇ ಪಟ್ಟಿ ಸಾಕು ಎಂದು ತಿಳಿಯಿತು. ಸಾಮಾನ್ಯವಾಗಿ ಹೆಣ್ಣುಮಕ್ಕಳ ಪಾದ ಹನ್ನೊಂದರ ಸುಮಾರಿಗೆ, ಗಂಡುಮಕ್ಕಳದು ಹದಿನೈದು ಹದಿನಾರಕ್ಕೆ ಬೆಳವಣಿಗೆಯ ತುದಿ ಮುಟ್ಟುತ್ತದೆ. ನನ್ನ ಹೆಬ್ಬೆರಳಿಗೆ ಸಂಬಂಧಿಸಿದ ಮಾತೂ ಅಲ್ಲಿತ್ತು. ಭಾರತೀಯರ ಪಾದ ಪಾಶ್ಚಾತ್ಯರದಕ್ಕಿಂತ ಅಗಲ. ನಾವು ಅಗಲಕ್ಕಾಗಿ ಉದ್ದದ ಶೂ ಕೊಂಡು ಲಾಡಿ ಬಿಗಿದುಕೊಳ್ಳುತ್ತಿದ್ದೇವೆ. ಓದಿದಾಗ ನನಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಇಷ್ಟು ದಿನ ತಪ್ಪು ನನ್ನ ಕಾಲಿನದು ಎಂದುಕೊಂಡಿದ್ದೆ.

ಹೊಸ ಪಟ್ಟಿಗೆ ಇಟ್ಟ ಹೆಸರು 'ಭಾ', ಭಾರತದ ಮೊದಲಕ್ಷರ. ಹಸುಗೂಸಿನಿಂದ ಹಿಡಿದು ದೊಡ್ಡವರವರೆಗೆ ಎಂಟು ಗುಂಪು. ಭಾರತೀಯ ಮಾನಕ ಬ್ಯೂರೋದ ಮುಂದೆ ಇದನ್ನು ಇಟ್ಟಿದ್ದಾರೆ. ಅಂಗಡಿಗೆ ಹೋದರೆ ಮಾತ್ರ ನಮಗೆ ಸಿಗುವುದು ಅದೇ ಯುಕೆ, ಯುಎಸ್, ಇಯು ಅಂಕಿಗಳು. ಆದ್ದರಿಂದ ಸದ್ಯಕ್ಕೆ ನಮ್ಮ ಕಾಲಿನ ಅಳತೆಯನ್ನು ನಾವೇ ಕೈಯಲ್ಲಿ ಹಿಡಿದು ಹೋಗಬೇಕು.

ಸಂಜೆ ಹೊತ್ತು ಅಳೆಯಿರಿ, ದಿನವೆಲ್ಲ ನಿಂತು ನಡೆದ ಕಾಲು ಆಗ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಹಾಳೆಯ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಬೇಕು. ಕೂತು ಅಳೆದರೆ ಲೆಕ್ಕ ತಪ್ಪುತ್ತದೆ. ಇನ್ನೊಬ್ಬರ ಕೈಯಲ್ಲಿ ಪೆನ್ಸಿಲ್ಲನ್ನು ನೆಟ್ಟಗೆ ಹಿಡಿಸಿ ಗೆರೆ ಎಳೆಸಿ. ಅತಿ ಉದ್ದದ ಬೆರಳಿನವರೆಗೆ ಉದ್ದ, ಬೆರಳುಗಳ ಬುಡದ ಅತಿ ಅಗಲದ ಜಾಗದಲ್ಲಿ ಅಗಲ. ಎರಡೂ ಕಾಲನ್ನು ಅಳೆದು ದೊಡ್ಡದಕ್ಕೆ ತಕ್ಕಂತೆ ಕೊಳ್ಳಿ. ಬಹಳ ಜನರಿಗೆ ಎರಡೂ ಒಂದೇ ಇರುವುದಿಲ್ಲ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲದಷ್ಟು ಜಾಗ ಇರಬೇಕು. ಅಗಲ ಕಾಲಿನವರು ನಂಬರ್ ಏರಿಸುವ ಬದಲು ಅಗಲದ ಅಚ್ಚನ್ನೇ ಕೇಳಬೇಕು. ಗಂಡಸರ ಶೂನಲ್ಲಿ ಸಾಮಾನ್ಯ ಅಗಲಕ್ಕೆ 'ಡಿ' ಎನ್ನುತ್ತಾರೆ, ಅದರ ಮೇಲೆ '2ಇ', '4ಇ'. ನ್ಯೂ ಬ್ಯಾಲೆನ್ಸ್, ಆಸಿಕ್ಸ್‌ನಂಥವು ಕೆಲವು ಮಾದರಿಗಳನ್ನು ಈ ಅಗಲಗಳಲ್ಲಿ ಮಾಡುತ್ತವೆ. ಶೂ ಒಳಗಿನ ಹಾಸನ್ನು ಹೊರತೆಗೆದು ಅದರ ಮೇಲೆ ನಿಂತು ನೋಡಿ. ಪಾದ ಅಂಚು ಮೀರಿ ಹೊರಚಾಚಿದರೆ ಆ ಶೂ ನಿಮ್ಮದಲ್ಲ.

ಒದ್ದೆ ಕಾಲಿನ ಪರೀಕ್ಷೆಯ ಮಾತು ಎಲ್ಲ ಕಡೆ ಕೇಳಿಬರುತ್ತದೆ. ನೀರಲ್ಲಿ ಅದ್ದಿ ಸಿಮೆಂಟಿನ ಮೇಲೆ ಹೆಜ್ಜೆಯಿಟ್ಟು ಗುರುತು ನೋಡುವುದು. ಪೂರ್ತಿ ಮೂಡಿದರೆ ಚಪ್ಪಟೆ ಪಾದ, ಗಟ್ಟಿ ಆಸರೆಯ ಶೂ ತಗೊಳ್ಳಿ, ನಡುವೆ ಖಾಲಿ ಬಿದ್ದರೆ ಎತ್ತರದ ಕಮಾನು, ಮೆತ್ತೆಯದು ತಗೊಳ್ಳಿ ಎಂಬ ಸೂತ್ರ. ನಾನೂ ನಂಬಿದ್ದೆ. ಅಮೆರಿಕದ ಭೂಸೇನೆ, ವಾಯುಸೇನೆ, ಮರೀನ್ ದಳಗಳಲ್ಲಿ ಹೊಸಬರಿಗೆ ಹೀಗೆಯೇ ಕಮಾನು ನೋಡಿ ಶೂ ಕೊಟ್ಟು, ಇನ್ನೊಂದು ಗುಂಪಿಗೆ ಎಲ್ಲರಿಗೂ ಒಂದೇ ಬಗೆಯದು ಕೊಟ್ಟು ಹೋಲಿಸಿದರು. 2009, 2010ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಡೆನ್ಮಾರ್ಕಿನಲ್ಲಿ 927 ಹೊಸ ಓಟಗಾರರಿಗೆ ಸಾದಾ ಶೂ ಕೊಟ್ಟು ಒಂದು ವರ್ಷ ಗಮನಿಸಿದಾಗಲೂ, ಪಾದ ಒಳಕ್ಕೆ ವಾಲುವವರು ಹೆಚ್ಚು ಗಾಯಗೊಳ್ಳಲಿಲ್ಲ. ಕೆನಡಾದ ಬೆನ್ನೋ ನಿಗ್ ಎಂಬ ವಿಜ್ಞಾನಿ ಕಾಲಿಗೆ ಹಿತವಾದುದನ್ನೇ ಆರಿಸಿಕೊಳ್ಳಿ, ದೇಹಕ್ಕೆ ಅದರ ಅರಿವಿದೆ ಎನ್ನುತ್ತಾರೆ. ನನಗೂ ಈ ಮಾತು ಸರಿ ಕಂಡಿದೆ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಹಿತವನ್ನು ನೆಚ್ಚಬಾರದು, ಒತ್ತಿದ್ದು ಅವರಿಗೆ ಗೊತ್ತಾಗುವುದೇ ಇಲ್ಲ. ಅವರು ವೈದ್ಯರಿಗೆ ಕಾಲು ತೋರಿಸಿಯೇ ಕೊಳ್ಳಬೇಕು, ಓಡಿ ಬಂದ ಮೇಲೆ ದಿನವೂ ಅಂಗಾಲು ನೋಡಿಕೊಳ್ಳಬೇಕು.

ಕನ್ನಡನಾಡಿನಲ್ಲೇ ನಡೆದ ಇನ್ನೊಂದು ಅಧ್ಯಯನವನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು. ಮಣಿಪಾಲದ ಮೂಳೆತಜ್ಞ ಬೆಂಜಮಿನ್ ಜೋಸೆಫ್ ಮತ್ತು ಯು.ಬಿ. ರಾವ್ ನಾಲ್ಕರಿಂದ ಹದಿಮೂರು ವಯಸ್ಸಿನ 2300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ವರದಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿತ್ತು, ಬರಿಗಾಲ ಮಕ್ಕಳಲ್ಲಿ ಶೇ 2.8. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಅತಿ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ. ಕಮಾನು ಬೆಳೆಯುವ ವಯಸ್ಸಿನಲ್ಲಿ ಪಾದಕ್ಕೆ ನೆಲ ಬೇಕು. ಮೂರು ವರ್ಷದ ಕೂಸಿಗೆ ಗಟ್ಟಿ ಬೂಟು ತೊಡಿಸಿ ಅಂಗಳಕ್ಕೆ ಬಿಡುವವರನ್ನು ಕಂಡರೆ ನನ್ನ ಜೀವ ಚುರುಕ್ಕೆನ್ನುತ್ತದೆ.

ಹಾಗೆಂದು ದೊಡ್ಡವರು ನಾಳೆಯೇ ಬರಿಗಾಲಲ್ಲಿ ಟಾರು ರಸ್ತೆಗೆ ಇಳಿಯಬೇಕಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲಾ ನಾಲ್ಕು ವರ್ಷಗಳ ನಂತರ ಟೋಕಿಯೊದಲ್ಲಿ ಶೂ ಹಾಕಿಯೇ ಗೆದ್ದರು. ಹಿಮ್ಮಡಿ ಎತ್ತರದ ಶೂನಿಂದ ತೆಳುವಾದುದಕ್ಕೆ ಹೋಗುವವರು ವಾರಗಟ್ಟಲೆ ನಿಧಾನವಾಗಿ ಹೋಗಬೇಕು, ಇಲ್ಲವಾದರೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಬಟ್ಟೆಯ ಒಂದು ಎಳೆಯೂ ಕಾಲಿಗೆ ಎಷ್ಟು ದೊಡ್ಡದು ಎಂಬುದನ್ನು ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿಯ ಮಾರಿಯಪ್ಪನ್ ತಂಗವೇಲು ಕಂಡಿದ್ದಾರೆ. ಐದನೇ ವಯಸ್ಸಿನಲ್ಲಿ ಬಸ್ಸಿನಡಿ ಬಲಗಾಲು ಜಜ್ಜಿಹೋದ ಈ ಹುಡುಗ 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 1.89 ಮೀಟರ್ ಎತ್ತರ ಜಿಗಿದು ಚಿನ್ನ ಗೆದ್ದರು. ಮುಂದಿನ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಮಳೆ ಬಂತು, 1.86ಕ್ಕೆ ಬೆಳ್ಳಿ ದಕ್ಕಿತು. ಆ ಕಾಲಿಗೆ ಹಾಕಿದ್ದ ಚೀಲ ನೆನೆದು ಜಿಗಿತಕ್ಕೆ ತೊಡಕಾಯಿತು ಎಂದು ಆಮೇಲೆ ಹೇಳಿದರು. ಶೂಗೆ ಸಾವಿರಗಟ್ಟಲೆ ಸುರಿದು ಕಾಲುಚೀಲವನ್ನು ಸಂತೆಯಲ್ಲಿ ಕೊಳ್ಳುವ ನಮಗೆ ಇದು ನೆನಪಿರಲಿ. ಹತ್ತಿಯದು ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಬೊಬ್ಬೆ ಏಳುತ್ತದೆ. ಬೇಗ ಒಣಗುವ ನೂಲಿನದು ಲೇಸು. ನೆನೆದ ಶೂ ಒಳಗೆ ದಿನಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ, ಧರ್ಮಪುರಿಯ ಏಪ್ರಿಲ್ ಬಿಸಿಲಿಗೆ ಅಂಟು ಬಿಡುತ್ತದೆ. ಎರಡು ಜೊತೆ ಇಟ್ಟುಕೊಳ್ಳಲು ಆದರೆ ಬದಲಿಸಿ ಬದಲಿಸಿ ಹಾಕಿ. ಲಕ್ಸೆಂಬರ್ಗ್‌ನಲ್ಲಿ 264 ಓಟಗಾರರನ್ನು 22 ವಾರ ಗಮನಿಸಿದಾಗ ಹೀಗೆ ಬದಲಿಸುವವರಿಗೆ ಗಾಯದ ಸಾಧ್ಯತೆ ಶೇ 39ರಷ್ಟು ಕಡಿಮೆಯಿತ್ತು. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಮೆತ್ತೆ ಸತ್ತುಹೋಗುತ್ತದೆ, ಮೇಲಿನ ಬಟ್ಟೆ ಹೊಸದರಂತೆ ಕಂಡರೂ.

ಕಳೆದ ತಿಂಗಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನನ್ನ ಮಗಳು ನನ್ನ ಕಾಲಿನ ಗೆರೆ ಎಳೆದಳು. ಉದ್ದ 262, ಅಗಲ 106 ಮಿಲಿಮೀಟರ್. ಹಾಳೆಯನ್ನು ಸುತ್ತಿ ಸೇಲಂಗೆ ಒಯ್ದೆ. ಅಂಗಡಿಯ ಹುಡುಗ ಹಾಸು ಹೊರತೆಗೆದು ಗೆರೆಯ ಮೇಲಿಟ್ಟು ನೋಡಿ, ಒಳಗೆ ಹೋಗಿ ಬೇರೆ ಪೆಟ್ಟಿಗೆ ತಂದ. 8ನೇ ನಂಬರ್, 2ಇ. ಕಿರುಬೆರಳು ಅಲ್ಲಾಡುತ್ತಿತ್ತು, ಹಿಮ್ಮಡಿ ಕದಲಲಿಲ್ಲ. ಮರುದಿನ ಬೆಳಿಗ್ಗೆ ನಿಲ್ದಾಣದ ಪಕ್ಕದ ರಸ್ತೆಯಲ್ಲಿ ಐದು ಕಿಲೋಮೀಟರ್ ಓಡಿ ಬಂದು ಶೂ ಬಿಚ್ಚಿದೆ. ಹೊಸ ಉಗುರು ಅರ್ಧ ಬೆಳೆದಿದೆ.