ಕರಿ ಪರದೆ ಮತ್ತು ಕೊಬ್ಬರಿ ಲೆಕ್ಕ: ವೆಬ್ ಅಪ್ಲಿಕೇಶನ್ ಬಗ್ಗೆ ಎಂಟು ತಪ್ಪು ಕಲ್ಪನೆಗಳು

ನೊಣವಿನಕೆರೆ ಹೋಬಳಿಯ ಅಟ್ಟದಿಂದ ಇಳಿದ ಕೊಬ್ಬರಿ ತಿಪಟೂರು ಎಪಿಎಂಸಿ ಸೇರಿದರೆ ಅದಕ್ಕೊಂದು ಲಾಟ್ ನಂಬರ್ ಬೀಳುತ್ತದೆ. ವರ್ತಕರು ಆ ನಂಬರಿಗೆ ತಮ್ಮ ತಮ್ಮ ದರ ನಮೂದಿಸುತ್ತಾರೆ. ಯಾರದು ಹೆಚ್ಚೋ ಅವರ ಹೆಸರು ಮೇಲೆ ಬರುತ್ತದೆ. ಇ-ಟೆಂಡರ್ ಎಂದು ನಾವು ಕರೆಯುವ ಈ ವ್ಯವಸ್ಥೆ ಅಸಲಿಗೆ ಒಂದು ವೆಬ್ ಅಪ್ಲಿಕೇಶನ್. ಇದಕ್ಕಾಗಿ ಕರ್ನಾಟಕದಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಸಂಸ್ಥೆ ಕೆಲಸ ಶುರುಮಾಡಿದ್ದು 2014ರಲ್ಲಿ. ಕೇಂದ್ರ ಸರ್ಕಾರದ ಇಂಥದೇ ವ್ಯವಸ್ಥೆ ‘ಇ-ನಾಮ್’ ಬಂದದ್ದು ಅದಾದ ಮೇಲೆ, 2016ರ ಏಪ್ರಿಲ್ 14ರಂದು. ಪಹಣಿ ತೆಗೆಯುವುದೂ ಇಂಥದೇ ಇನ್ನೊಂದು ಅಪ್ಲಿಕೇಶನ್ನಿನ ಮೂಲಕ.

ಅಂದರೆ ವೆಬ್ ಅಪ್ಲಿಕೇಶನ್ ಬಳಸುವುದು ನಮ್ಮ ಕಡೆಯ ಜನಕ್ಕೆ ಹೊಸದಲ್ಲ. ಅದನ್ನು ಮಾಡುವ ಮಾತು ಬಂದಾಗ ಮಾತ್ರ ಹಿಂಜರಿಕೆ. ಕಾಲೇಜು ಓದುವ ಮಕ್ಕಳೂ ‘ಅದೆಲ್ಲ ಬೆಂಗಳೂರಿನವರ ಕೆಲಸ’ ಎನ್ನುತ್ತಾರೆ. ಆ ಹಿಂಜರಿಕೆಯ ಹಿಂದೆ ಕೆಲವು ತಪ್ಪು ಕಲ್ಪನೆಗಳಿವೆ. ಮನೆಯ ಕೊಬ್ಬರಿ ಮಾರಾಟದ ಲೆಕ್ಕ ಇಡುವ ಸಣ್ಣ ಅಪ್ಲಿಕೇಶನ್ ಒಂದನ್ನು ಮುಂದಿಟ್ಟುಕೊಂಡು ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಇದಕ್ಕೆ ಇಂಜಿನಿಯರಿಂಗ್ ಪದವಿ, ದೊಡ್ಡ ಕಂಪನಿ, ಕೈತುಂಬ ದುಡ್ಡು ಬೇಕು.

ಸತ್ಯ: ಎಷ್ಟೇ ದೊಡ್ಡ ವೆಬ್ ಅಪ್ಲಿಕೇಶನ್ ಆಗಲಿ, ಬುಡದಲ್ಲಿ ಮಾಡುವುದು ಮೂರೇ ಕೆಲಸ: ಕೇಳುವುದು, ಲೆಕ್ಕ ಹಾಕಿ ಬರೆದಿಡುವುದು, ತೋರಿಸುವುದು. ನಮ್ಮ ಉದಾಹರಣೆಯಲ್ಲಿ ತೂಕ ಮತ್ತು ದರ ಕೇಳಬೇಕು, ಮೊತ್ತ ಕಟ್ಟಿ ತಾರೀಖಿನ ಜೊತೆ ಉಳಿಸಬೇಕು, ವರ್ಷದ ಕೊನೆಗೆ ಪಟ್ಟಿ ತೋರಿಸಬೇಕು. ಇದಕ್ಕೆ ಬೇಕಾದ ಸಾಮಾನೆಲ್ಲ ಉಚಿತ. ಬರೆಯಲು ವಿಎಸ್ ಕೋಡ್ ಎಂಬ ಎಡಿಟರ್ ಇದೆ, ಮೈಕ್ರೋಸಾಫ್ಟ್ ಅದನ್ನು 2015ರಲ್ಲಿ ಹೊರತಂದಿತು. ಭಾಷೆಗೆ ಪೈಥಾನ್, ಪುಟಗಳನ್ನು ಬಡಿಸಲು ಫ್ಲಾಸ್ಕ್. ಲೆಕ್ಕ ಬರೆದಿಡಲು ಎಸ್‌ಕ್ಯೂಲೈಟ್ ಪೈಥಾನ್ ಜೊತೆಯಲ್ಲೇ ಬರುತ್ತದೆ, ಇಡೀ ಲೆಕ್ಕದ ಪುಸ್ತಕ ಒಂದೇ ಫೈಲಿನಲ್ಲಿ ಕೂರುತ್ತದೆ. ಸಾಧಾರಣ ಲ್ಯಾಪ್‌ಟಾಪ್ ಇಷ್ಟನ್ನು ಆರಾಮವಾಗಿ ನಡೆಸುತ್ತದೆ.

ದೊಡ್ಡ ಕಂಪನಿಯಿಲ್ಲದೆ ದೊಡ್ಡ ಕೆಲಸ ಆಗುತ್ತದೆಯೇ ಎಂದು ಕೇಳುವವರು ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆದು ನೋಡಲಿ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಕೂತು ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿಗೆ ಅರ್ಥ ಬರೆದರು. ಕೈಲಾಶ್ ನಾಧ್ ಅದಕ್ಕೆ ತಂತ್ರಾಂಶ ಕಟ್ಟಿದರು. 2019ರಲ್ಲಿ ನಿಘಂಟು ಎಲ್ಲರಿಗೂ ಮುಕ್ತವಾಯಿತು. ಒಬ್ಬರ ಪದಸಂಪತ್ತು, ಇನ್ನೊಬ್ಬರ ಕೋಡ್. ಇಂದು ಲೋಕದ ಯಾವ ಮೂಲೆಯಿಂದ ಬೇಕಾದರೂ ಅಲ್ಲಿ ಕನ್ನಡದ ಪದ ಹುಡುಕಬಹುದು.

ತಪ್ಪು ಕಲ್ಪನೆ 2: ಕೋಡನ್ನು ವರ್ಡ್‌ನಲ್ಲೂ ಬರೆಯಬಹುದು, ಎಡಿಟರ್ ಅಂದರೆ ಅದೇ ತಾನೆ.

ಸತ್ಯ: ವರ್ಡ್ ಅಕ್ಷರಗಳ ಜೊತೆ ಅವುಗಳ ಗಾತ್ರ, ಬಣ್ಣ, ಅಂಚು ಎಲ್ಲವನ್ನೂ ಫೈಲಿನೊಳಗೆ ತುಂಬುತ್ತದೆ. ನೇರವಾದ ಉದ್ಧರಣ ಚಿಹ್ನೆಯನ್ನು ಚೆಂದಕ್ಕೆಂದು ಬಾಗಿಸಿಬಿಡುತ್ತದೆ. ಪೈಥಾನ್‌ಗೆ ಬಾಗಿದ ಚಿಹ್ನೆ ಅರ್ಥವಾಗದೆ ಅಲ್ಲೇ ನಿಲ್ಲುತ್ತದೆ. ಕೋಡ್ ಎಡಿಟರ್ ಬರೀ ಅಕ್ಷರವನ್ನಷ್ಟೇ ಉಳಿಸುತ್ತದೆ, ಆವರಣ ಮುಚ್ಚದೆ ಬಿಟ್ಟರೆ ಗುರುತು ಹಾಕಿ ತೋರಿಸುತ್ತದೆ. ಹಾಗೆಂದು ಕೋಡನ್ನು ಓಡಿಸುವುದು ಎಡಿಟರ್ ಅಲ್ಲ. ಬರೆದದ್ದನ್ನು ಓದಿ ನಡೆಸುವುದು ಪೈಥಾನ್. ‘ನಡೆಸು’ ಎಂದು ಅದಕ್ಕೆ ಹೇಳುವ ಜಾಗವೇ ಟರ್ಮಿನಲ್.

ತಪ್ಪು ಕಲ್ಪನೆ 3: ಟರ್ಮಿನಲ್ಲಿನ ಆ ಕರಿ ಪರದೆ ಹ್ಯಾಕರ್‌ಗಳದ್ದು. ಒಂದಕ್ಷರ ತಪ್ಪಿದರೂ ಕಂಪ್ಯೂಟರ್ ಕೆಟ್ಟುಹೋಗುತ್ತದೆ.

ಸತ್ಯ: ಹೆಚ್ಚಿನವರನ್ನು ಹಿಂದೆ ತಳ್ಳುವುದು ಈ ಭಯವೇ. ಮೌಸು, ಐಕಾನು ಮನೆಮನೆಗೆ ಬರುವ ಮೊದಲು ಕಂಪ್ಯೂಟರ್ ಜೊತೆ ಮಾತಾಡುವ ದಾರಿ ಈ ಪರದೆಯೇ ಆಗಿತ್ತು. ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಶುರುವಾದ ಯೂನಿಕ್ಸ್ ಕಾಲದಿಂದ ಇವತ್ತಿನವರೆಗೂ ರೀತಿ ಅದೇ: ಒಂದು ಸಾಲು ಬರೆದು ಎಂಟರ್ ಒತ್ತಿದರೆ ಒಂದು ಉತ್ತರ.

ನಮ್ಮ ಲೆಕ್ಕದ ಕೆಲಸಕ್ಕೆ ಮೊದಲ ದಿನ ಬೇಕಾಗುವುದು ನಾಲ್ಕೈದು ಆಜ್ಞೆಗಳು. ‘ಎಂಕೆಡಿಐಆರ್’ ಎಂದರೆ ಹೊಸ ಫೋಲ್ಡರ್. ‘ಸಿಡಿ’ ಎಂದರೆ ಆ ಫೋಲ್ಡರಿನ ಒಳಗೆ ಹೋಗುವುದು. ‘ಪಿಪ್ ಇನ್‌ಸ್ಟಾಲ್ ಫ್ಲಾಸ್ಕ್’ ಎಂದರೆ ಫ್ಲಾಸ್ಕನ್ನು ತಂದುಕೊಳ್ಳುವುದು. ‘ಪೈಥಾನ್’ ಎಂದು ಬರೆದು ಪಕ್ಕದಲ್ಲಿ ಫೈಲಿನ ಹೆಸರು ಕೊಟ್ಟರೆ ಅದು ಓಡುತ್ತದೆ. ಹೆಸರು ತಪ್ಪಾದರೆ ‘ಇಂಥ ಫೈಲು ಇಲ್ಲ’ ಎಂಬ ಉತ್ತರ ಬರುತ್ತದೆ, ಏನೂ ಕೆಡುವುದಿಲ್ಲ.

ಎಚ್ಚರ ಬೇಕಾದ ಆಜ್ಞೆಗಳೂ ಇವೆ. ಅಳಿಸುವ ‘ಆರ್‌ಎಂ’ ಅಂಥದು. ಅದರಿಂದ ಹೋದ ಫೈಲು ಕಸದ ಬುಟ್ಟಿಗೂ ಬೀಳುವುದಿಲ್ಲ. ಆದ್ದರಿಂದ ಅರ್ಥ ಗೊತ್ತಿಲ್ಲದ ಸಾಲನ್ನು ಎಲ್ಲಿಂದಲೋ ತಂದು ಅಂಟಿಸಿ ಎಂಟರ್ ಒತ್ತಬೇಡಿ. ಜೊತೆಗೆ, 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಶುರುಮಾಡಿದ ‘ಗಿಟ್’ ಅನ್ನು ಮೊದಲ ದಿನದಿಂದಲೇ ಅಭ್ಯಾಸ ಮಾಡಿಕೊಳ್ಳಿ. ಕೆಲಸ ಸರಿಯಾಗಿ ನಡೆದಾಗಲೆಲ್ಲ ಅದರಲ್ಲಿ ಒಂದು ‘ಕಮಿಟ್’ ಮಾಡಿಟ್ಟರೆ, ಮುಂದೆ ಕೋಡ್ ಎಷ್ಟೇ ಕೆಟ್ಟರೂ ಹಿಂದಿನ ಸ್ಥಿತಿಗೆ ಮರಳಬಹುದು.

ತಪ್ಪು ಕಲ್ಪನೆ 4: ಇಂಗ್ಲಿಷ್ ಮಾಧ್ಯಮದಲ್ಲಿ ಓದದವರಿಗೆ ಇದು ಹತ್ತುವುದಿಲ್ಲ.

ಸತ್ಯ: ಪೈಥಾನ್ ತನಗಾಗಿ ಮೀಸಲಿಟ್ಟುಕೊಂಡ ಇಂಗ್ಲಿಷ್ ಪದಗಳು 35. ಹೆಸರಿಡುವುದು ನಿಮ್ಮ ಕೈಲಿದೆ, ಅದನ್ನು ಕನ್ನಡದಲ್ಲೇ ಇಡಬಹುದು. ಈ ಸಾಲನ್ನು ಪೈಥಾನ್ ಹೀಗೆಯೇ ಒಪ್ಪಿಕೊಳ್ಳುತ್ತದೆ:

ಮೊತ್ತ = ತೂಕ * ದರ / 100

ಕ್ವಿಂಟಾಲಿಗೆ ನೂರು ಕಿಲೋ. ಆದ್ದರಿಂದ ಕಿಲೋ ತೂಕವನ್ನು ಕ್ವಿಂಟಾಲ್ ದರದಿಂದ ಗುಣಿಸಿ ನೂರರಿಂದ ಭಾಗಿಸಬೇಕು. ಶಾಲೆ ಬಿಟ್ಟು ಐವತ್ತು ವರ್ಷವಾದ ನಮ್ಮೂರಿನ ಹಿರಿಯರಿಗೂ ಈ ಸಾಲು ಓದಿದರೆ ಅರ್ಥವಾಗುತ್ತದೆ. ‘ದರ’ ಎಂದು ಬರೆಯುವಲ್ಲಿ ‘ದರಾ’ ಎಂದು ಬರೆದರೆ, ಇಂಥ ಫೈಲಿನ ಇಂಥ ಸಾಲಿನಲ್ಲಿ ಈ ಹೆಸರು ಯಾವುದೆಂದು ಗೊತ್ತಿಲ್ಲ ಎಂದು ಪೈಥಾನ್ ಹೇಳುತ್ತದೆ. ಅದು ಬೈಗುಳವಲ್ಲ, ತಪ್ಪಿದ ಜಾಗದ ವಿಳಾಸ. ಕೊನೆಯ ಸಾಲನ್ನು ಮೊದಲು ಓದಿ, ಆಮೇಲೆ ಸಾಲಿನ ಸಂಖ್ಯೆ ನೋಡಿ.

ಈ ಸಂದೇಶಗಳು, ಕೈಪಿಡಿಗಳು ಬಹುಪಾಲು ಇಂಗ್ಲಿಷಿನಲ್ಲೇ ಇವೆ ಎಂಬುದು ನಿಜ. ಓದಿ ತಿಳಿಯುವಷ್ಟು ಇಂಗ್ಲಿಷ್ ದಿನ ಕಳೆದಂತೆ ಬೇಕಾಗುತ್ತದೆ. ಆದರೆ ಅದು ಕೆಲಸ ಮಾಡುತ್ತಲೇ ಕೂಡಿಬರುವ ಇಂಗ್ಲಿಷ್. ಅದು ಬರಲಿ, ಆಮೇಲೆ ಶುರುಮಾಡೋಣ ಎಂದು ಕಾಯಬೇಕಿಲ್ಲ.

ತಪ್ಪು ಕಲ್ಪನೆ 5: ಪರದೆಯ ಮೇಲೆ ಕನ್ನಡ ಕಂಡರೆ ಆಯಿತು, ಯಾವ ಫಾಂಟ್ ಆದರೇನು.

ಸತ್ಯ: ಹಿಂದೆ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು, ಹುಡುಕಿದರೆ ಪದ ಸಿಗುತ್ತಿರಲಿಲ್ಲ. ಯೂನಿಕೋಡ್‌ ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ತನ್ನದೇ ಸಂಖ್ಯೆಯಿದೆ. ಟೈಪಿಸುವ ಕೀಲಿಮಣೆ ಯಾವುದಾದರೂ ಇರಲಿ, ಉಳಿಯುವುದು ಯೂನಿಕೋಡ್ ಆಗಿರಬೇಕು. ಈಗಿನ ‘ನುಡಿ’ ತಂತ್ರಾಂಶದಲ್ಲೂ ಆ ಆಯ್ಕೆ ಇದೆ. 20,000ಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದ ಹುಡುಕಿಕೊಡುವ ‘ವಚನ ಸಂಚಯ’ವನ್ನು ಸ್ವಯಂಸೇವಕರು ಕಟ್ಟಲು ಸಾಧ್ಯವಾದದ್ದು ಯೂನಿಕೋಡ್‌ನಿಂದ.

ಇಲ್ಲೊಂದು ಸೂಕ್ಷ್ಮವಿದೆ. ‘ನೊಣವಿನಕೆರೆ’ಯಲ್ಲಿ ಎಷ್ಟು ಅಕ್ಷರ? ನಮ್ಮ ಎಣಿಕೆಯಲ್ಲಿ ಆರು: ನೊ, ಣ, ವಿ, ನ, ಕೆ, ರೆ. ಪೈಥಾನನ್ನು ಕೇಳಿದರೆ ಹತ್ತು ಎನ್ನುತ್ತದೆ. ಒತ್ವ, ಗುಡಿಸು, ಎರಡು ಎತ್ವಗಳನ್ನು ಅದು ಬೇರೆಬೇರೆಯಾಗಿ ಎಣಿಸುತ್ತದೆ. ಊರಿನ ಹೆಸರು ಎಂಟು ಅಕ್ಷರ ಮೀರಬಾರದು ಎಂಬ ನಿಯಮವನ್ನು ಇಂಗ್ಲಿಷ್ ಲೆಕ್ಕದಲ್ಲಿ ಬರೆದಿಟ್ಟರೆ ನಮ್ಮೂರೇ ಆ ಫಾರಂನಲ್ಲಿ ಹಿಡಿಸುವುದಿಲ್ಲ. ಇಂಥ ತಪ್ಪು ಕಣ್ಣಿಗೆ ಬೀಳುವುದು ಕನ್ನಡದಲ್ಲಿ ಹೆಸರು ಬರೆಯುವವರಿಗೆ. ನಮ್ಮವರು ಈ ಕೆಲಸಕ್ಕೆ ಬರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ತಪ್ಪು ಕಲ್ಪನೆ 6: ಮನುಷ್ಯ ತಪ್ಪಬಹುದು, ಕಂಪ್ಯೂಟರಿನ ಲೆಕ್ಕ ತಪ್ಪುವುದಿಲ್ಲ.

ಸತ್ಯ: ಹೇಳಿದ್ದನ್ನು ಅದು ತಪ್ಪದೆ ಮಾಡುತ್ತದೆ. ನಾವು ಹೇಳಿದ್ದೇ ತಪ್ಪಾಗಿರಬಹುದು. ಎರಡು ಚೀಲ ಕೊಬ್ಬರಿ, ಒಂದು 62 ಕಿಲೋ, ಇನ್ನೊಂದು 58. ಫಾರಂನಲ್ಲಿ ತುಂಬಿ ಕೂಡಿಸು ಎಂದರೆ 120 ಬರಬೇಕು. ಮೊದಲ ಸಲ ಬರೆದವರಿಗೆ ಬರುವುದು 6258! ಫಾರಂನಿಂದ ಬಂದದ್ದೆಲ್ಲ ಕಂಪ್ಯೂಟರಿಗೆ ಬರಿಯ ಪಠ್ಯ. ಪಠ್ಯವನ್ನು ಕೂಡಿಸುವುದೆಂದರೆ ಒಂದರ ಪಕ್ಕ ಇನ್ನೊಂದನ್ನು ಅಂಟಿಸುವುದು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಇತ್ತು. ಆ ದರದಲ್ಲಿ 120 ಕಿಲೋಗೆ 14,400 ರೂಪಾಯಿ ಆಗಬೇಕಾದದ್ದು, 6258 ಕಿಲೋ ಎಂದುಕೊಂಡರೆ 7,50,960 ಆಗಿಬಿಡುತ್ತದೆ. ‘ಇದನ್ನು ಸಂಖ್ಯೆಯೆಂದು ತಿಳಿ’ ಎಂದು ಮೊದಲೇ ಹೇಳಿದರೆ ಸರಿಹೋಗುತ್ತದೆ.

ಅಜ್ಜ ಕನ್ನಡ ಅಂಕಿಯಲ್ಲಿ ೬೨ ಎಂದು ತುಂಬಿದರೆ? ಪೈಥಾನ್ ಅದನ್ನು 62 ಎಂದೇ ಓದುತ್ತದೆ. ಬ್ರೌಸರಿನ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಇನ್ನು 0.1ಕ್ಕೆ 0.2 ಕೂಡಿಸಿದರೆ ಎರಡೂ ಭಾಷೆಗಳಲ್ಲಿ ಬರುವುದು 0.30000000000000004. ದಶಮಾಂಶವನ್ನು ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಈ ಚೂರು ಉಳಿಯುತ್ತದೆ. ಹಣವನ್ನು ಪೈಸೆಯಲ್ಲೂ ತೂಕವನ್ನು ಗ್ರಾಂನಲ್ಲೂ ಪೂರ್ಣಾಂಕವಾಗಿ ಉಳಿಸುವುದು ಇದಕ್ಕೆ ಮದ್ದು.

ತಪ್ಪು ಕಲ್ಪನೆ 7: ನನ್ನ ಬ್ರೌಸರಿನಲ್ಲಿ ತೆರೆಯಿತು, ಇನ್ನು ಊರಿಗೆಲ್ಲ ಸಿಕ್ಕಂತೆ.

ಸತ್ಯ: ಫ್ಲಾಸ್ಕ್ ಓಡಿಸಿದಾಗ ಕಾಣುವ 127.0.0.1 ಎಂಬ ವಿಳಾಸಕ್ಕೆ ‘ಈ ಕಂಪ್ಯೂಟರೇ’ ಎಂದರ್ಥ. ಅದನ್ನು ತುರುವೇಕೆರೆಯ ನೆಂಟರಿಗೆ ಕಳಿಸಿದರೆ ಅವರ ಫೋನು ಅಪ್ಲಿಕೇಶನ್ನನ್ನು ತನ್ನೊಳಗೇ ಹುಡುಕಿ ಸೋಲುತ್ತದೆ. ಎಲ್ಲರಿಗೂ ಸಿಗಬೇಕಾದರೆ ಸದಾ ಚಾಲೂ ಇರುವ ಸರ್ವರ್, ಒಂದು ವಿಳಾಸ, ಭದ್ರ ಸಂಪರ್ಕ ಬೇಕು. ಅಲ್ಲಿಗೆ ಏರಿಸುವ ಮೊದಲು ಪಾಸ್‌ವರ್ಡುಗಳನ್ನು ಕೋಡಿನಿಂದ ತೆಗೆದು ಬೇರೆ ಇಡಬೇಕು. ತೂಕ ಸೊನ್ನೆಗಿಂತ ಹೆಚ್ಚಿದೆಯೇ ಎಂಬ ಪರೀಕ್ಷೆ ಬ್ರೌಸರಿನಲ್ಲಿ ಇದ್ದರೆ ಸಾಲದು, ಸರ್ವರಿನಲ್ಲೂ ಇರಬೇಕು. ಬ್ರೌಸರಿನ ಪರೀಕ್ಷೆಯನ್ನು ಯಾರು ಬೇಕಾದರೂ ದಾಟಬಹುದು. ಮನೆಯವರ ಲೆಕ್ಕ ಮನೆಯಲ್ಲೇ ಇರಲಿ ಎನ್ನುವವರಿಗೆ ಲ್ಯಾಪ್‌ಟಾಪಿನಲ್ಲಿ ಓಡುವುದೇ ಸಾಕು.

ತಪ್ಪು ಕಲ್ಪನೆ 8: ಈಗ ಎಐ ಎಲ್ಲ ಬರೆದುಕೊಡುತ್ತದೆ, ಕಲಿಯುವುದೇನೂ ಉಳಿದಿಲ್ಲ.

ಸತ್ಯ: ಕೋಡ್ ಬರೆದುಕೊಡುತ್ತದೆ, ನಿಜ. ಚೀಲದ ತೂಕ ಕಳೆಯಬೇಕೋ ಬೇಡವೋ, ಹಮಾಲಿ ಯಾರ ಲೆಕ್ಕಕ್ಕೆ, ಬಂದ ಉತ್ತರ ಸರಿಯೋ ತಪ್ಪೋ ಎಂದು ಹೇಳಬೇಕಾದವರು ನೀವೇ. 6258 ಎಂದು ಬಂದಾಗ ‘ಎರಡು ಚೀಲಕ್ಕೆ ಇಷ್ಟು ಎಲ್ಲಿಂದ ಬಂತು’ ಎಂದು ಗುರುತಿಸಿ, ತಪ್ಪಿದ ಸಾಲನ್ನು ಹುಡುಕಿ ತಿದ್ದುವುದಕ್ಕೆ ಕಲಿಕೆ ಬೇಕು. ಕಾಯಿ ಅಟ್ಟಕ್ಕೆ ಹಾಕಿದ ಮಾರನೆಯ ದಿನ ನಮ್ಮಲ್ಲಿ ಯಾರೂ ಕೊಬ್ಬರಿ ಕೇಳುವುದಿಲ್ಲ. ಒಳಗಿನ ನೀರು ಇಂಗಿ ಉಂಡೆ ಕಟ್ಟುವುದಕ್ಕೆ ತಿಂಗಳುಗಟ್ಟಲೆ ಬೇಕೆಂದು ಗೊತ್ತು. ಈ ವಿದ್ಯೆಗೂ ಅಷ್ಟು ತಾಳ್ಮೆ ಕೊಡಿ.

ನೊಣವಿನಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತಾಯಿತಂದೆಯರಲ್ಲಿ, ಮೇಷ್ಟ್ರುಗಳಲ್ಲಿ ಒಂದು ಮನವಿ. ಮಕ್ಕಳು ಆ ಕರಿ ಪರದೆ ತೆರೆದು ಕೂತಾಗ ‘ಏನೋ ಕೆಡಿಸುತ್ತಿದ್ದಾರೆ’ ಎಂದು ಗದರಬೇಡಿ. ಹೋದ ವರ್ಷದ ಕೊಬ್ಬರಿ ಮಾರಾಟದ ಬಿಲ್ಲನ್ನು ಹುಡುಕಿ ಅವರ ಕೈಗೆ ಕೊಡಿ, ಈ ಲೆಕ್ಕ ನಿನ್ನ ಅಪ್ಲಿಕೇಶನ್ನಿನಲ್ಲಿ ಸರಿ ಬರುತ್ತದೆಯೇ ನೋಡು ಎನ್ನಿ. ಬಿಲ್ಲಿನ ಮೊತ್ತವೂ ಪರದೆಯ ಮೊತ್ತವೂ ತಾಳೆಯಾದ ದಿನ ಆ ಮಗುವಿಗೆ ಈ ಎಂಟೂ ಕಲ್ಪನೆಗಳನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.