ಕುಳಿತು ಕಲಿಸುವ ಗುರು



ಗುರುಪೀಠದ ಹಿರಿಮೆಯನ್ನು ಕುರಿತು ಈ ಅಂಕಣದಲ್ಲಿ ಅನೇಕ ಸಲ ಬರೆದಿದ್ದೇವೆ. ಇಂದು ನಮ್ಮ ನಾಡಿನದಲ್ಲದ, ನಮ್ಮ ಮತದ್ದೂ ಅಲ್ಲದ ಒಂದು ಗುರುಪೀಠದ ವಿಚಾರವನ್ನು ತಮ್ಮ ಮುಂದಿಡಬಯಸುತ್ತೇವೆ. ನೆರೆಮನೆಯ ದೀಪದ ಬೆಳಕಿನಲ್ಲಿ ನಮ್ಮ ಅಂಗಳದ ಕಸವೂ ಕಾಣುವುದುಂಟು.

ಯೆಹೂದ್ಯರಲ್ಲಿ ಧರ್ಮಶಾಸ್ತ್ರ ಕಲಿಸುವ ವಿದ್ಯಾಪೀಠಕ್ಕೆ ‘ಯೆಶಿವಾ’ ಎಂದು ಹೆಸರು. ಹೀಬ್ರೂ ಭಾಷೆಯಲ್ಲಿ ಅದಕ್ಕೆ ಕುಳಿತಿರುವುದು ಎಂಬ ಅರ್ಥವಿದೆ. ಅದರ ಮುಖ್ಯಸ್ಥರೇ ‘ರೋಶ್ ಯೆಶಿವಾ’. ರೋಶ್ ಎಂದರೆ ತಲೆ. ಇಂದಿನ ಇರಾಕ್ ದೇಶದಲ್ಲಿದ್ದ ಸೂರಾ, ಪುಂಬೆದಿತಾ ಎಂಬ ಪೀಠಗಳು ಪ್ರಾಚೀನ ಕಾಲದಲ್ಲಿಯೇ ಹೆಸರಾಗಿದ್ದವು. ದೂರದೇಶಗಳ ಜನ ಪತ್ರ ಬರೆದು ಕೇಳಿದ ಧರ್ಮಸಂದೇಹಗಳಿಗೆ ಅಲ್ಲಿಯ ಮುಖ್ಯಸ್ಥರು ಉತ್ತರ ಕಳಿಸುತ್ತಿದ್ದರು.

ರೋಶ್ ಯೆಶಿವಾ ಪೂಜಾರಿಯಲ್ಲ, ಸಂನ್ಯಾಸಿಯೂ ಅಲ್ಲ. ಹೆಂಡತಿ ಮಕ್ಕಳೊಡನೆ ಬಾಳುವ ಗೃಹಸ್ಥರು. ‘ತಾಲ್ಮುದ್’ ಎಂಬ ಮಹಾಗ್ರಂಥದ ಪಾಠ ಹೇಳುವುದು ಅವರ ಮುಖ್ಯ ಕಾಯಕ. ಶಿಷ್ಯರು ಇಬ್ಬಿಬ್ಬರಾಗಿ ಎದುರುಬದುರು ಕುಳಿತು, ದನಿಯೆತ್ತಿ ವಾದಿಸುತ್ತ ಓದುತ್ತಾರೆ. ಅನಂತರ ಗುರುವಿನ ಪಾಠ. ಪಾಠದ ನಡುವೆಯೇ ಎದ್ದು ಗುರುವಿನ ಮಾತನ್ನು ಪ್ರಶ್ನಿಸುವುದು ಅಲ್ಲಿ ಅವಿನಯವಲ್ಲ. ಒಳ್ಳೆಯ ಪ್ರಶ್ನೆ ಕೇಳಿದ ಶಿಷ್ಯನನ್ನು ಕಂಡು ಗುರು ಸಂತೋಷಪಡುತ್ತಾರೆ. ಶಿಷ್ಯರ ನಡೆನುಡಿ ತಿದ್ದಲು ಅನೇಕ ಯೆಶಿವಾಗಳಲ್ಲಿ ಬೇರೊಬ್ಬ ಹಿರಿಯರಿರುತ್ತಾರೆ. ಆದರೆ ಪೀಠದ ಅನ್ನ, ಅರಿವು, ಆಚಾರ ಈ ಮೂರರ ಭಾರವೂ ಕೊನೆಗೆ ಬೀಳುವುದು ರೋಶ್ ಯೆಶಿವಾರ ಹೆಗಲ ಮೇಲೆಯೇ.

ಇಂದಿನ ಬೆಲಾರುಸ್ ದೇಶದಲ್ಲಿ ವೊಲೊಝಿನ್ ಎಂಬ ಸಣ್ಣ ಊರಿದೆ. 1803ರ ಸುಮಾರಿಗೆ ಹಾಯಿಂ ಎಂಬ ಧರ್ಮಗುರುಗಳು ಅಲ್ಲಿ ಒಂದು ಯೆಶಿವಾ ಸ್ಥಾಪಿಸಿದರು. ಅದರ ಖರ್ಚನ್ನು ಒಂದೇ ಊರಿನ ಮೇಲೆ ಹೊರಿಸದೆ, ದೂರದೂರದ ಊರುಗಳಿಗೆ ಪ್ರತಿನಿಧಿಗಳನ್ನು ಕಳಿಸಿ ಕಾಣಿಕೆ ಕೂಡಿಸಿದರು. ರಾತ್ರಿ ಹಗಲೆನ್ನದೆ ಸರದಿಯ ಮೇಲೆ ಶಿಷ್ಯರು ಓದುತ್ತಿದ್ದರು. ಅಲ್ಲಿ ಅಧ್ಯಯನದ ದನಿ ಒಂದು ಗಳಿಗೆಯೂ ನಿಲ್ಲಬಾರದೆಂಬುದು ಪೀಠದ ನೇಮವಾಗಿತ್ತು. ಮನುಷ್ಯ ಹುಟ್ಟಿರುವುದು ತನಗಾಗಿ ಅಲ್ಲ, ಕೈಲಾದಷ್ಟು ಪರರಿಗೆ ಉಪಕಾರ ಮಾಡಲಿಕ್ಕಾಗಿ ಎಂದು ಹಾಯಿಂ ಅವರು ಹೇಳುತ್ತಿದ್ದುದನ್ನು ಅವರ ಮಗ ಬರೆದಿಟ್ಟಿದ್ದಾರೆ. ನಮ್ಮ ದಾಸೋಹ ತತ್ವ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ನಫ್ತಾಲಿ ಝ್ವಿ ಯೆಹೂದಾ ಬರ್ಲಿನ್ ಎಂಬವರು ಸುಮಾರು ನಾಲ್ಕು ದಶಕ ಆ ಪೀಠವನ್ನು ನಡೆಸಿದರು. ಶಿಷ್ಯರು ನೂರಾರು ಸಂಖ್ಯೆಯಲ್ಲಿ ಸೇರಿದರು. ಹೀಬ್ರೂ ಭಾಷೆಯ ಮಹಾಕವಿ ಬಿಯಾಲಿಕ್ ಕೂಡ ತರುಣನಾಗಿದ್ದಾಗ ಅಲ್ಲಿ ಕಲಿತವರೇ. ಆದರೆ ಮುಪ್ಪಿನಲ್ಲಿ ಆ ಗುರುವಿಗೆ ಎರಡು ಸಂಕಟ ಒಟ್ಟಿಗೆ ಬಂದವು. ಲೌಕಿಕ ವಿದ್ಯೆಗೆ ಹೆಚ್ಚಿನ ಸಮಯ ಕೊಡಬೇಕು, ರಾತ್ರಿಯ ಓದು ನಿಲ್ಲಬೇಕು ಎಂದು ರಷ್ಯಾದ ಚಕ್ರವರ್ತಿಯ ಸರಕಾರ ಕಟ್ಟಪ್ಪಣೆ ಮಾಡಿತು. ಒಳಗೆ ಉತ್ತರಾಧಿಕಾರದ ಕಲಹ. ತಮ್ಮ ಮಗನೇ ಪೀಠಕ್ಕೆ ಬರಲಿ ಎಂಬುದು ವೃದ್ಧರ ಇಚ್ಛೆ. ಶಿಷ್ಯರಲ್ಲಿ ಅನೇಕರಿಗೆ ಅದು ಒಪ್ಪಿಗೆಯಾಗಲಿಲ್ಲ. 1892ರಲ್ಲಿ ಸರಕಾರ ಯೆಶಿವಾವನ್ನು ಮುಚ್ಚಿಸಿತು. ಮರುವರ್ಷ ವಾರ್ಸಾ ನಗರದಲ್ಲಿ ಅವರು ದೇಹ ಬಿಟ್ಟರು.

ನಾವೂ ಅರವತ್ತು ದಾಟಿದವರು. ಈ ಕಥೆ ಓದಿದಾಗ ಮನಸ್ಸು ಸುಮ್ಮನಿರಲಿಲ್ಲ. ಹೊರಗಿನ ಅರಸನ ಕೋಪವನ್ನು ಪೀಠ ಹೇಗೋ ತಾಳಿಕೊಂಡೀತು. ಆದರೆ ‘ನನ್ನವನು’ ಎಂಬ ಮೋಹ ಗುರುವಿನೊಳಗೇ ಹುಟ್ಟಿದರೆ ಕಾಯುವವರಾರು? ಅಷ್ಟು ದೊಡ್ಡ ಪಂಡಿತರನ್ನೂ ಅದು ಬಿಡಲಿಲ್ಲವೆಂದರೆ ನಮ್ಮಂಥವರು ಎಷ್ಟು ಎಚ್ಚರದಿಂದಿರಬೇಕು!

ಕಟ್ಟಡಕ್ಕೆ ಬೀಗ ಬಿದ್ದರೂ ವಿದ್ಯೆಗೆ ಬೀಳಲಿಲ್ಲ. ವೊಲೊಝಿನ್‌ನಲ್ಲಿ ಕಲಿತವರು ಬೇರೆ ಊರುಗಳ ಯೆಶಿವಾಗಳಲ್ಲಿ ಗುರುಗಳಾದರು. ಅದೇ ಪ್ರಾಂತದ ಮೀರ್ ಎಂಬ ಊರಿನ ಯೆಶಿವಾ ಎರಡನೆಯ ಮಹಾಯುದ್ಧದಲ್ಲಿ ನೆಲೆ ತಪ್ಪಿತು. ಶಿಷ್ಯವೃಂದ ಜಪಾನಿನ ಕೋಬೆ ಪಟ್ಟಣಕ್ಕೂ ಅಲ್ಲಿಂದ ಚೀನಾದ ಶಾಂಘೈಗೂ ಹೋಗಬೇಕಾಯಿತು. ಆ ಪರದೇಶದಲ್ಲಿಯೂ ಹಾಯಿಂ ಶ್ಮುಲೆವಿಟ್ಜ್ ಎಂಬವರು ಪಾಠ ನಿಲ್ಲಿಸಲಿಲ್ಲ. ಜೆರುಸಲೇಮಿನಲ್ಲಿ ಮತ್ತೆ ಬೇರೂರಿದ ಆ ಯೆಶಿವಾದ ಪೀಠದಲ್ಲಿ 1990ರಿಂದ 2011ರವರೆಗೆ ಇದ್ದವರು ನೋಸೊನ್ ಝ್ವಿ ಫಿಂಕೆಲ್. ಮೈ ನಡುಗಿಸುವ ಪಾರ್ಕಿನ್ಸನ್ ರೋಗ ಅವರನ್ನು ಹಿಡಿದಿತ್ತು. ಮಾತನಾಡುವುದೇ ಕಷ್ಟವಾದರೂ ಅವರು ಪಾಠ ಹೇಳುತ್ತಲೇ ಇದ್ದರು. ಅವರ ಕಾಲದಲ್ಲಿ ಶಿಷ್ಯರ ಸಂಖ್ಯೆ ಸಾವಿರ ಸಾವಿರವಾಗಿ ಬೆಳೆಯಿತು.

ಭಕ್ತರು ಪೀಠಕ್ಕೆ ಬಂದಾಗ ಗುರುವಿನ ಕಿರೀಟ, ಪಲ್ಲಕ್ಕಿ, ಮೆರವಣಿಗೆ ನೋಡಿ ಹಿಗ್ಗುತ್ತಾರೆ. ಅದು ತಪ್ಪಲ್ಲ. ಆದರೆ ಅಲ್ಲಿ ಎಷ್ಟು ಮಕ್ಕಳು ಉಂಡು ಓದುತ್ತಿದ್ದಾರೆ, ಗುರು ದಿನಕ್ಕೆ ಎಷ್ಟು ಹೊತ್ತು ಅವರ ಜೊತೆ ಕುಳಿತುಕೊಳ್ಳುತ್ತಾರೆ ಎಂಬುದನ್ನೂ ಕೇಳಬೇಕು. ನಮ್ಮನ್ನೂ ಕೇಳಿರಿ. ಕೇಳಿಸಿಕೊಳ್ಳಲಾರದ ಗುರು ಕಲಿಸಲಾರ. ಅರಿವು ಕೈಯಿಂದ ಕೈಗೆ ದಾಟುವ ಹಣತೆ. ಅದನ್ನು ಆರದಂತೆ ಮುಂದಿನವರ ಕೈಗಿತ್ತು ಹಿಂದೆ ಸರಿಯುವಷ್ಟರಲ್ಲಿ ಗುರುವಿನ ಕೆಲಸ ಮುಗಿಯಿತು.

ಸಕಲರಿಗೂ ಸನ್ಮಂಗಳವಾಗಲಿ.