ಕಣ್ಣಳತೆ ಎಷ್ಟರ ಮಟ್ಟಿಗೆ ಸರಿ?

ಅಂಗೈಯಲ್ಲಿ ಮೂರು ಏಲಕ್ಕಿ ಇದ್ದರೆ ನೀವು ಎಣಿಸೋದಿಲ್ಲ, ನೋಡಿದ ಕೂಡಲೇ ಗೊತ್ತಾಗುತ್ತೆ. ಎಂಟಿದ್ದರೆ? ಎಣಿಸಲೇಬೇಕು! ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವೊನ್ಸ್ ಡಬ್ಬಿಗೆ ಬೀನ್ಸ್ ಕಾಳು ಎಸೆದು, ಒಂದೇ ನೋಟಕ್ಕೆ ಎಷ್ಟೆಂದು ಹೇಳುವ ಪರೀಕ್ಷೆಯನ್ನು ಸಾವಿರಕ್ಕೂ ಹೆಚ್ಚು ಬಾರಿ ಮಾಡಿ 1871ರಲ್ಲಿ ಪ್ರಕಟಿಸಿದರು. ನಾಲ್ಕರವರೆಗೆ ಒಮ್ಮೆಯೂ ತಪ್ಪಲಿಲ್ಲ. ಐದರಿಂದ ತಪ್ಪು ಶುರುವಾಯ್ತು.

ಹಾಲು, ಎಣ್ಣೆ ವಿಷಯದಲ್ಲೂ ಕಣ್ಣು ಮೋಸಹೋಗುತ್ತೆ. ಅಷ್ಟೇ ಹಾಲು ಅಗಲ ಲೋಟಕ್ಕಿಂತ ಎತ್ತರದ ಲೋಟದಲ್ಲಿ ಜಾಸ್ತಿ ಅನ್ನಿಸುತ್ತೆ.

ಸಾರಿನ ಉಪ್ಪಿಗೆ ಅಂದಾಜು ನಡೆಯುತ್ತೆ, ರುಚಿ ನೋಡಿ ಸರಿಮಾಡಬಹುದು. ಮಗುವಿನ ಸಿರಪ್‌ಗೆ ಹಾಗಲ್ಲ. ಟೀ ಸ್ಪೂನ್ ಅಂದರೆ 5 ಮಿ.ಲೀ., ಟೇಬಲ್ ಸ್ಪೂನ್ ಅಂದರೆ 15 ಮಿ.ಲೀ. ಅದಲುಬದಲಾದರೆ ಔಷಧಿ ಮೂರು ಪಟ್ಟು! ಮನೆಯ ಚಮಚಗಳಂತೂ ಒಂದೊಂದು ಅಳತೆ.

ಹೀಗೆ ಮಾಡಿ:

* ಔಷಧಿ ಜೊತೆ ಬಂದ ಅಳತೆ ಮುಚ್ಚಳ ಅಥವಾ ಸಿರಿಂಜನ್ನೇ ಬಳಸಿ.

* ಮುಚ್ಚಳವನ್ನು ಮೇಜಿನ ಮೇಲಿಟ್ಟು, ಬಗ್ಗಿ, ಕಣ್ಣಿನ ಮಟ್ಟದಲ್ಲಿ ಗೆರೆ ನೋಡಿ.

* ವೈದ್ಯರು 'ಒಂದು ಚಮಚ' ಅಂದರೆ ಎಷ್ಟು ಮಿ.ಲೀ. ಎಂದು ಕೇಳಿ ಬರೆದುಕೊಳ್ಳಿ.

* ಮಾತ್ರೆಗಳನ್ನು ಮೂರು ಮೂರರ ಗುಂಪು ಮಾಡಿ ಎಣಿಸಿ, ಲೆಕ್ಕ ತಪ್ಪೋದು ಕಡಿಮೆ.

ಅಡುಗೆಗೆ ಕಣ್ಣಳತೆ, ಔಷಧಿಗೆ ಗೆರೆಯ ಅಳತೆ. ಇಷ್ಟು ನೆನಪಿಡಿ.